ಒಂದೇ ಪ್ರತಿಯ ಭಯ: ಅತ್ತಿಮಬ್ಬೆಯಿಂದ ಕನ್ನಡಿ ಡಿಸ್ಕಿನವರೆಗೆ

ಗದಗ ಪಟ್ಟಣದಿಂದ ಪೂರ್ವಕ್ಕೆ ಸುಮಾರು 12 ಕಿಲೋಮೀಟರ್ ದೂರದಲ್ಲಿ ಲಕ್ಕುಂಡಿ ಇದೆ. ಶಾಸನಗಳು ಲೊಕ್ಕಿಗುಂಡಿ ಎಂದು ಕರೆಯುವ ಈ ಊರಿನಲ್ಲಿ, ಕಲ್ಯಾಣ ಚಾಲುಕ್ಯರ ಕಾಲದಲ್ಲಿ, ಅತ್ತಿಮಬ್ಬೆ ಎಂಬ ಹೆಣ್ಣುಮಗಳು ಬ್ರಹ್ಮ ಜಿನಾಲಯವನ್ನು ಕಟ್ಟಿಸಿದಳು. ಇರಿವಬೆಡಂಗ ಸತ್ಯಾಶ್ರಯನ ಆಳ್ವಿಕೆಗೆ ಸೇರಿದ ಕ್ರಿ.ಶ. 1007ರ ಲಕ್ಕುಂಡಿ ಶಾಸನ ಅವಳ ದಾನಧರ್ಮಗಳನ್ನು ಹೊಗಳುತ್ತದೆ. 'ದಾನಚಿಂತಾಮಣಿ' ಎಂಬುದು ಅವಳಿಗೆ ಸಂದ ಬಿರುದು. ಆದರೆ ಕನ್ನಡ ಸಾಹಿತ್ಯದ ಚರಿತ್ರೆ ಅವಳನ್ನು ನೆನೆಯುವುದು ಬಸದಿಗಾಗಿ ಅಷ್ಟಲ್ಲ. ಪೊನ್ನ ಕವಿಯ 'ಶಾಂತಿಪುರಾಣ'ವನ್ನು ಅವಳು ಒಂದು ಸಾವಿರ ಪ್ರತಿ ಬರೆಸಿ ಹಂಚಿದಳು. ಅಚ್ಚಿನ ಯಂತ್ರ ಯುರೋಪಿನಲ್ಲೂ ಇಲ್ಲದ ಕಾಲದಲ್ಲಿ ನಡೆದ ಕೆಲಸ ಇದು.

ಈ ಸಾವಿರ ಪ್ರತಿಗಳ ಹಿಂದೆ ಮನೆತನದ ಕಥೆಯೂ ಇದೆ. ಶಾಂತಿಪುರಾಣವನ್ನು ಪೊನ್ನನಿಂದ ಬರೆಸಿದವರು ವೆಂಗಿ ಸೀಮೆಯ ಮಲ್ಲಪ ಮತ್ತು ಪುನ್ನಮಯ್ಯ ಎಂಬ ಅಣ್ಣತಮ್ಮಂದಿರು. ತಮ್ಮ ಗುರು ಜಿನಚಂದ್ರದೇವರ ನೆನಪಿಗಾಗಿ ಅವರು ಆ ಕಾವ್ಯವನ್ನು ಬರೆಸಿದರು. ಅತ್ತಿಮಬ್ಬೆ ಅದೇ ಮಲ್ಲಪನ ಮಗಳು. ಗಂಡ ನಾಗದೇವ ಯುದ್ಧದಲ್ಲಿ ಮಡಿದ. ಅವನ ಇನ್ನೊಬ್ಬ ಹೆಂಡತಿಯಾಗಿದ್ದ ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಮಗನಿಗಾಗಿ ಉಳಿದಳು. ತಂದೆಯ ಕಾಲದ ಕಾವ್ಯವನ್ನೂ ಉಳಿಸಿದಳು. ರನ್ನನಿಂದ 993ರಲ್ಲಿ 'ಅಜಿತಪುರಾಣ'ವನ್ನು ಬರೆಸಿದವಳೂ ಅವಳೇ.

ಒಂದು ಗ್ರಂಥದ ಸಾವಿರ ಪ್ರತಿ ಬರೆಸುವುದೆಂದರೆ ಸಾಮಾನ್ಯ ಖರ್ಚಲ್ಲ. ಗರಿಗಳನ್ನು ಹದಮಾಡಿ, ಕಂಟದಿಂದ ಕೊರೆದು, ಮಸಿ ತೀಡಿ, ದಾರ ಪೋಣಿಸಿ ಹಲಗೆ ಕಟ್ಟಬೇಕು. ಕಾವ್ಯವನ್ನು ಓದುವುದಕ್ಕೆ ಒಂದು ಪ್ರತಿ ಸಾಕು. ಮಿಕ್ಕ 999 ಪ್ರತಿಗಳಲ್ಲಿ ಹೊಸ ಪದ್ಯ ಒಂದೂ ಇಲ್ಲ. ಲೆಕ್ಕಿಗನ ಕಣ್ಣಿಗೆ ಅದು ದುಂದುವೆಚ್ಚ. ಗ್ರಂಥದ ಆಯಸ್ಸನ್ನು ಬಲ್ಲವರ ಕಣ್ಣಿಗೆ ಬೇರೆಯೇ ಕಾಣುತ್ತದೆ. ಸಾವಿರ ವರ್ಷಗಳ ಅನಂತರ, ಇಂದಿನ ಗಣಕಯಂತ್ರಗಳ ಕೋಣೆಯಲ್ಲಿ ಎಂಜಿನಿಯರುಗಳು ಒಂದೇ ದತ್ತಾಂಶವನ್ನು ಎರಡೆರಡು ಡಿಸ್ಕುಗಳಲ್ಲಿ ಬರೆದಿಡುವಾಗ ಎದುರಿಸುವುದೂ ಇದೇ ಪ್ರಶ್ನೆಯನ್ನು: ಒಂದು ಹೋದರೆ ಮುಂದೇನು?

ಹೋದವು, ಉಳಿದವು

ಒಂದು ಹೋದರೆ ಏನಾಗುತ್ತದೆಂಬುದಕ್ಕೆ ಕನ್ನಡದಲ್ಲಿ ಉದಾಹರಣೆಗಳಿಗೆ ಬರವಿಲ್ಲ. ಶಾಂತಿಪುರಾಣ ಇಂದು ಅಚ್ಚಿನಲ್ಲಿ ದೊರೆಯುತ್ತದೆ. ಅದೇ ಪೊನ್ನ ಬರೆದ 'ಭುವನೈಕರಾಮಾಭ್ಯುದಯ' ದೊರೆಯುವುದಿಲ್ಲ. ರನ್ನನ ಅಜಿತಪುರಾಣವೂ ಗದಾಯುದ್ಧವೂ ಉಳಿದಿವೆ. 'ಪರಶುರಾಮಚರಿತ', 'ಚಕ್ರೇಶ್ವರಚರಿತ' ಇಲ್ಲವಾಗಿವೆ. ಒಂದನೆಯ ಗುಣವರ್ಮನ 'ಶೂದ್ರಕ' ಮತ್ತು 'ಹರಿವಂಶ'ಗಳ ಗತಿ ಇನ್ನೂ ವಿಚಿತ್ರ. ಸಂಕಲನಕಾರರೂ ವೈಯಾಕರಣರೂ ಉದಾಹರಣೆಗೆಂದು ಎತ್ತಿಕೊಂಡ ಬಿಡಿ ಪದ್ಯಗಳು ಮಾತ್ರ ನಮಗೆ ಸಿಕ್ಕಿವೆ. ತುಣುಕುಗಳು ಇವೆ, ಕಾವ್ಯ ಇಲ್ಲ. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಡಿಸ್ಕುಗಳ ಪ್ರಸಂಗದಲ್ಲಿ ಮತ್ತೆ ಬರುತ್ತದೆ.

ಒಂದೇ ಕಡೆ ಉಳಿದು ಕೂದಲೆಳೆಯಲ್ಲಿ ಪಾರಾದ ಗ್ರಂಥಗಳೂ ಇವೆ. ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಒಂಬತ್ತನೆಯ ಶತಮಾನದಲ್ಲಿ ಬರೆದ 'ಧವಳಾ' ಟೀಕೆ ಶತಮಾನಗಳ ಕಾಲ ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿತ್ತು. ಯಾತ್ರಿಕರು ಬಂದು ಕಟ್ಟಿಗೆ ಕೈಮುಗಿದು ಹೋಗುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅದರ ನಕಲು ತೆಗೆಯುವ ಕೆಲಸ ಶುರುವಾಯಿತು. 1939ರಿಂದ ಸಂಪುಟಗಳಾಗಿ ಅಚ್ಚಾಯಿತು. ಅಷ್ಟು ಹೊತ್ತಿಗೆ ಕೆಲವು ಗರಿಗಳು ಮುರಿದಿದ್ದವು, ಕೆಲವು ಕಳೆದುಹೋಗಿದ್ದವು. ನೂರಾರು ವರ್ಷಗಳ ನಡುವೆ ಒಂದು ರಾತ್ರಿ ಬೆಂಕಿ ಬಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

ತಾಳೆಗರಿಗೆ ಗೆದ್ದಲು, ತೇವ, ಬೆಂಕಿ ಶತ್ರುಗಳು. ಚೆನ್ನಾಗಿ ನೋಡಿಕೊಂಡರೆ ಕೆಲವು ನೂರು ವರ್ಷ ಬಾಳುತ್ತದೆ. ಸವೆಯುತ್ತ ಬಂದ ಕಟ್ಟನ್ನು ಅಕ್ಷರ ಕಾಣುವಷ್ಟರಲ್ಲಿಯೇ ಹೊಸ ಗರಿಗೆ ಇಳಿಸಿಕೊಳ್ಳುವುದು ಮಠ, ಬಸದಿ, ಪಂಡಿತರ ಮನೆಗಳ ರೂಢಿಯಾಗಿತ್ತು. ಗಣಕಯಂತ್ರದ ಡಿಸ್ಕಿನ ಆಯಸ್ಸು ಅದಕ್ಕಿಂತ ಬಹಳ ಕಡಿಮೆ. ಅದನ್ನು ವರ್ಷಗಳಲ್ಲಿ ಎಣಿಸಬೇಕು, ಶತಮಾನಗಳಲ್ಲಲ್ಲ.

ಮುನ್ನೂರು ಗಂಟೆಯ ಲೆಕ್ಕ

ಮೊದಲ ಗಟ್ಟಿ ಡಿಸ್ಕ್ ಬಂದದ್ದು 1956ರಲ್ಲಿ. ಅಮೆರಿಕದ ಐಬಿಎಂ ಸಂಸ್ಥೆಯ ರ್‍ಯಾಮ್ಯಾಕ್ ಯಂತ್ರದಲ್ಲಿ 24 ಅಂಗುಲ ಅಗಲದ 50 ತಟ್ಟೆಗಳು ಒಂದರ ಮೇಲೊಂದು ತಿರುಗುತ್ತಿದ್ದವು. ಸುಮಾರು ಒಂದು ಟನ್ ತೂಗುತ್ತಿದ್ದ ಆ ಯಂತ್ರ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳನ್ನು. ಇಂದು ಅಂಗೈ ಮೇಲೆ ಇಡಬಹುದಾದ 4 ಟೆರಾಬೈಟ್ ಡಿಸ್ಕ್ ಅದರ ಎಂಟು ಲಕ್ಷ ಪಟ್ಟು ಹಿಡಿಯುತ್ತದೆ. ಒಳಗಿನ ರಚನೆ ಮಾತ್ರ ಹೆಚ್ಚು ಬದಲಾಗಿಲ್ಲ. ಕಾಂತದ ಲೇಪವಿರುವ ತಟ್ಟೆ ನಿಮಿಷಕ್ಕೆ 7,200 ಸುತ್ತು ತಿರುಗುತ್ತದೆ. ಅದರ ಮೇಲೆ, ತಗಲದಂತೆ, ಓದುವ ಬರೆಯುವ ತಲೆ ತೇಲುತ್ತದೆ. ತಲೆ ತಗಲಿದರೆ ಗೀರು ಬೀಳುತ್ತದೆ. ಮೋಟಾರು ಕೆಡಬಹುದು, ಮಂಡಲ ಸುಡಬಹುದು. ಯಾವುದಾದರೊಂದು ದಿನ ಪ್ರತಿಯೊಂದು ಡಿಸ್ಕೂ ಕೆಟ್ಟೇ ಕೆಡುತ್ತದೆ.

1980ರ ದಶಕದಲ್ಲಿ ಬ್ಯಾಂಕು, ವಿಮಾನ ಕಂಪನಿಗಳ ದೊಡ್ಡ ಗಣಕಗಳಿಗೆ ದೊಡ್ಡ ಡಿಸ್ಕುಗಳೇ ಬೇಕಾಗಿದ್ದವು. ಐಬಿಎಂನ 3380 ಮಾದರಿ 14 ಅಂಗುಲದ ತಟ್ಟೆಗಳದು. 7,500 ಮೆಗಾಬೈಟ್ ಹಿಡಿಯುತ್ತಿತ್ತು, ಬೆಲೆಯೂ ಹಾಗೆಯೇ. ಇನ್ನೊಂದೆಡೆ ಮೇಜಿನ ಮೇಲಿನ ಕಂಪ್ಯೂಟರುಗಳಿಗಾಗಿ ಸಣ್ಣ, ಅಗ್ಗದ ಡಿಸ್ಕುಗಳು ಬಂದಿದ್ದವು. ಕಾನರ್ ಸಂಸ್ಥೆಯ ಮೂರೂವರೆ ಅಂಗುಲದ ಡಿಸ್ಕ್ 100 ಮೆಗಾಬೈಟಿನದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣದ ಡೇವಿಡ್ ಪ್ಯಾಟರ್ಸನ್, ಗಾರ್ಥ್ ಗಿಬ್ಸನ್ ಮತ್ತು ರ್‍ಯಾಂಡಿ ಕಾಟ್ಜ್ ಒಂದು ಸರಳ ಪ್ರಶ್ನೆ ಕೇಳಿಕೊಂಡರು: ಆನೆಯೊಂದನ್ನು ಸಾಕುವ ಬದಲು ಎತ್ತಿನ ಹಿಂಡನ್ನು ಕಟ್ಟಿದರೆ ಹೇಗೆ? 75 ಸಣ್ಣ ಡಿಸ್ಕುಗಳು ಸೇರಿದರೆ ಒಂದು ದೊಡ್ಡ ಡಿಸ್ಕಿನಷ್ಟು ಹಿಡಿಯುತ್ತವೆ. ಎಲ್ಲವೂ ಒಟ್ಟಿಗೆ ದುಡಿದರೆ ವೇಗ ಎಷ್ಟೋ ಪಟ್ಟು ಹೆಚ್ಚು.

ಅಡ್ಡಿ ಒಂದೇ ಆಗಿತ್ತು. ಒಂದು ಡಿಸ್ಕ್ ಸರಾಸರಿ 30,000 ಗಂಟೆ, ಎಂದರೆ ಸುಮಾರು ಮೂರೂವರೆ ವರ್ಷ, ಕೆಡದೆ ನಡೆಯುತ್ತದೆಂದು ಇಟ್ಟುಕೊಳ್ಳಿ. ಅಂಥ 100 ಡಿಸ್ಕುಗಳನ್ನು ಸೇರಿಸಿದರೆ ಅವುಗಳಲ್ಲಿ ಯಾವುದಾದರೂ ಒಂದು ಕೆಡಲು ಹಿಡಿಯುವ ಕಾಲ ಸರಾಸರಿ 300 ಗಂಟೆ. ಹದಿಮೂರು ದಿನವೂ ಇಲ್ಲ. ಹಿಂಡು ದೊಡ್ಡದಾದಷ್ಟೂ ಒಂದಲ್ಲ ಒಂದು ಎತ್ತು ಕುಂಟುತ್ತಲೇ ಇರುತ್ತದೆ. ಆದ್ದರಿಂದ ಹಿಂಡಿನಲ್ಲಿ ಮಿಗಿಲು ಎತ್ತುಗಳು ಇರಲೇಬೇಕು ಎಂಬುದು ಅವರ ವಾದ. 1988ರಲ್ಲಿ ಸಮ್ಮೇಳನವೊಂದರಲ್ಲಿ ಪ್ರಕಟವಾದ ಅವರ ಪ್ರಬಂಧ 'ರೇಡ್' ಎಂಬ ಹೆಸರನ್ನು ಬಳಕೆಗೆ ತಂದಿತು. ಅಗ್ಗದ ಡಿಸ್ಕುಗಳ ಮಿಗಿಲು ಪ್ರತಿಯುಳ್ಳ ಕೂಟ ಎಂಬುದು ಅದರ ಅರ್ಥ. ಮುಂದೆ ವ್ಯಾಪಾರಿಗಳು 'ಅಗ್ಗದ' ಎಂಬುದನ್ನು ಬಿಟ್ಟು 'ಸ್ವತಂತ್ರ' ಎಂದು ಓದತೊಡಗಿದರು.

ಜೋಡಿ ಬರೆಯುವ ಉಪಾಯ ಅದಕ್ಕೂ ಹಿಂದಿನದು. 1974ರಲ್ಲಿ ಆರಂಭವಾದ ಟ್ಯಾಂಡೆಮ್ ಎಂಬ ಅಮೆರಿಕದ ಸಂಸ್ಥೆ, ನಿಲ್ಲದೆ ನಡೆಯುವ ಗಣಕಗಳನ್ನು ಬ್ಯಾಂಕುಗಳಿಗೆ ಮಾರುವಾಗಲೇ ಪ್ರತಿಯೊಂದು ಡಿಸ್ಕಿಗೆ ಒಂದು ಕನ್ನಡಿ ಡಿಸ್ಕನ್ನು ಕೊಡುತ್ತಿತ್ತು. ಬರ್ಕ್ಲಿಯವರು ಆಗಲೇ ಇದ್ದ ಉಪಾಯಗಳನ್ನು ಒಟ್ಟುಗೂಡಿಸಿ, ಹೆಸರಿಟ್ಟು, ಖರ್ಚು-ಲಾಭಗಳ ಲೆಕ್ಕವನ್ನು ತೋರಿಸಿದರು.

ಕನ್ನಡಿ ಮತ್ತು ಕೂರಿಗೆ

ಡಿಸ್ಕುಗಳ ಕೂಟದಲ್ಲಿ ಮುಖ್ಯವಾದ ಎರಡು ಕ್ರಮಗಳಿವೆ. ಮೊದಲನೆಯದು ಕನ್ನಡಿ. ಒಂದು ಡಿಸ್ಕಿನಲ್ಲಿ ಬರೆದದ್ದನ್ನೆಲ್ಲ ಅದೇ ಕ್ಷಣ ಜೊತೆಯ ಡಿಸ್ಕಿನಲ್ಲೂ ಬರೆಯುವುದು. ಒಂದು ಕೆಟ್ಟರೆ ಇನ್ನೊಂದು ಕೆಲಸ ಮುಂದುವರಿಸುತ್ತದೆ. ಕಚೇರಿಯ ಕೆಲಸಗಾರನಿಗೆ ಗೊತ್ತೂ ಆಗುವುದಿಲ್ಲ. ಓದುವಾಗ ಇಬ್ಬರೂ ಓದಿಕೊಡಬಹುದಾದ್ದರಿಂದ ವೇಗವೂ ಸಿಗುತ್ತದೆ. ಎರಡು ಡಿಸ್ಕಿನ ಹಣ ಕೊಟ್ಟು ಒಂದರ ಜಾಗ ಪಡೆಯುವುದು ಇದಕ್ಕೆ ತೆರುವ ಬೆಲೆ.

ಎರಡನೆಯದು ಪಟ್ಟೆ. ಇದನ್ನು ತಿಳಿಯಲು ಗದಗ ಸೀಮೆಯ ಎರೆಹೊಲಕ್ಕೆ ಹೋಗಬೇಕು. ಕಳಸಾಪುರದ ಹೊಲದಲ್ಲಿ ಹೆಸರನ್ನೋ ಜೋಳವನ್ನೋ ಬಿತ್ತುವ ಕೂರಿಗೆಯ ಮೇಲೆ ಒಂದು ಬಟ್ಟಲು ಇರುತ್ತದೆ. ಹಿಂದೆ ನಡೆಯುವ ಹೆಣ್ಣುಮಗಳು ಬಟ್ಟಲಿಗೆ ಬೀಜ ಬಿಡುತ್ತಾಳೆ. ಬಟ್ಟಲಿನ ತೂತುಗಳಿಂದ ಕೊಳವೆಗಳ ಮೂಲಕ ಬೀಜ ಮೂರೋ ನಾಲ್ಕೋ ತಾಳುಗಳಿಗೆ ಹಂಚಿಹೋಗಿ ಅಷ್ಟೂ ಸಾಲುಗಳು ಒಂದೇ ನಡೆಗೆ ಬಿತ್ತನೆಯಾಗುತ್ತವೆ. ಪಟ್ಟೆ ಕ್ರಮದಲ್ಲಿ ಗಣಕ ಮಾಡುವುದೂ ಇದನ್ನೇ. ಒಂದು ಕಡತವನ್ನು ಸಣ್ಣ ತುಣುಕುಗಳಾಗಿ ಒಡೆದು, ಮೊದಲ ತುಣುಕನ್ನು ಮೊದಲ ಡಿಸ್ಕಿಗೆ, ಎರಡನೆಯದನ್ನು ಎರಡನೆಯದಕ್ಕೆ, ಹೀಗೆ ಸರದಿಯಂತೆ ಬಿತ್ತುತ್ತ ಹೋಗುತ್ತದೆ. ನಾಲ್ಕು ಡಿಸ್ಕುಗಳು ಒಟ್ಟಿಗೆ ಬರೆದಾಗ ಕೆಲಸ ಹೆಚ್ಚುಕಡಿಮೆ ನಾಲ್ಕು ಪಟ್ಟು ಚುರುಕು.

ಕೂರಿಗೆಗೂ ಡಿಸ್ಕಿಗೂ ಒಂದು ವ್ಯತ್ಯಾಸವಿದೆ. ಒಂದು ಕೊಳವೆಗೆ ಮಣ್ಣು ಕಟ್ಟಿಕೊಂಡರೆ ಆ ಒಂದು ಸಾಲು ಬರಿದಾಗುತ್ತದೆ, ಉಳಿದ ಸಾಲುಗಳ ಫಸಲು ಕೈಗೆ ಬರುತ್ತದೆ. ಡಿಸ್ಕಿನಲ್ಲಿ ಹಾಗಲ್ಲ. ಪ್ರತಿ ದೊಡ್ಡ ಕಡತದ ತುಣುಕೂ ಎಲ್ಲ ಡಿಸ್ಕುಗಳಲ್ಲಿ ಹಂಚಿರುವುದರಿಂದ ಒಂದು ಹೋದರೆ ಎಲ್ಲ ಕಡತಗಳೂ ನಡುನಡುವೆ ತೂತು ಬಿದ್ದು ಕೆಲಸಕ್ಕೆ ಬಾರದಾಗುತ್ತವೆ. ಗುಣವರ್ಮನ ಶೂದ್ರಕಕ್ಕೆ ಆದ ಗತಿಯೇ ಇದು. ಆದ್ದರಿಂದ ಬರಿಯ ಪಟ್ಟೆಯ ಕೂಟಕ್ಕೆ ತಿಳಿದವರು 'ರೇಡ್ ಸೊನ್ನೆ' ಎಂದು ಹೆಸರಿಟ್ಟರು. ರಕ್ಷಣೆ ಸೊನ್ನೆ ಎಂದು ಅದರ ತಾತ್ಪರ್ಯ. ಕನ್ನಡಿಗೆ 'ರೇಡ್ ಒಂದು' ಎಂದು ಹೆಸರು. ಎರಡನ್ನೂ ಸೇರಿಸಿದ್ದು 'ರೇಡ್ ಹತ್ತು', ಎಂದರೆ ಒಂದು ಮತ್ತು ಸೊನ್ನೆ.

ಕ್ರಮದಲ್ಲಿರುವ ಗುಟ್ಟು

ಎರಡನ್ನೂ ಸೇರಿಸುವಾಗ ಯಾವುದು ಮೊದಲು ಎಂಬುದು ಮುಖ್ಯ. ನಾಲ್ಕು ಡಿಸ್ಕುಗಳಿವೆ ಎಂದುಕೊಳ್ಳಿ. ಮೊದಲು ಎರಡೆರಡರ ಕನ್ನಡಿ ಜೋಡಿ ಕಟ್ಟಿ, ಆ ಎರಡು ಜೋಡಿಗಳ ಮೇಲೆ ಪಟ್ಟೆ ಬಿತ್ತಬಹುದು. ಇಲ್ಲವೇ ಮೊದಲು ಎರಡೆರಡರ ಮೇಲೆ ಪಟ್ಟೆ ಬಿತ್ತಿ, ಆಮೇಲೆ ಒಂದು ಪಟ್ಟೆಗೆ ಇನ್ನೊಂದನ್ನು ಕನ್ನಡಿ ಮಾಡಬಹುದು. ಡಿಸ್ಕುಗಳೂ ಅಷ್ಟೇ, ಜಾಗವೂ ಅಷ್ಟೇ: 4 ಟೆರಾಬೈಟಿನ ನಾಲ್ಕು ಡಿಸ್ಕುಗಳಿಂದ ಎರಡು ರೀತಿಯಲ್ಲೂ ಸಿಗುವುದು 8 ಟೆರಾಬೈಟ್.

ವ್ಯತ್ಯಾಸ ತಿಳಿಯುವುದು ಒಂದು ಡಿಸ್ಕ್ ಸತ್ತ ಮೇಲೆ. ಮೊದಲನೆಯ ರೀತಿಯಲ್ಲಿ ಉಳಿದ ಮೂರರಲ್ಲಿ ಸತ್ತದ್ದರ ಜೊತೆಗಾರ ಹೋದರೆ ಮಾತ್ರ ಸರ್ವನಾಶ. ಅಪಾಯ ಮೂರರಲ್ಲಿ ಒಂದು. ಎರಡನೆಯ ರೀತಿಯಲ್ಲಿ ಒಂದು ಡಿಸ್ಕ್ ಸತ್ತ ಕೂಡಲೇ ಅದಿದ್ದ ಪಟ್ಟೆಯೇ ನಿಂತುಹೋಗುತ್ತದೆ. ಆ ಕಡೆಯ ಎರಡರಲ್ಲಿ ಯಾವುದು ಹೋದರೂ ಎಲ್ಲ ಹೋದಂತೆ. ಅಪಾಯ ಮೂರರಲ್ಲಿ ಎರಡು. ಎಂಟು ಡಿಸ್ಕಿನ ಕೂಟವಾದರೆ ಮೊದಲನೆಯದರಲ್ಲಿ ಏಳರಲ್ಲಿ ಒಂದು, ಎರಡನೆಯದರಲ್ಲಿ ಏಳರಲ್ಲಿ ನಾಲ್ಕು. ಒಂದು ಪೈಸೆ ಹೆಚ್ಚು ಖರ್ಚಿಲ್ಲದೆ, ಕಟ್ಟುವ ಕ್ರಮದಿಂದಲೇ ಇಷ್ಟು ಅಂತರ. ಮೊದಲು ಜೋಡಿ, ಆಮೇಲೆ ಹಂಚಿಕೆ ಎಂಬ ಸೂತ್ರ ಹೀಗೆ ನೆಲೆಯಾಯಿತು.

ಜೋಡಿ ಕಟ್ಟುವುದಕ್ಕೂ ಎತ್ತಿನ ಜೋಡಿಯ ನ್ಯಾಯವೇ ಅನ್ವಯಿಸುತ್ತದೆ. ಒಂದು ಬಲವಾದ ಎತ್ತು, ಒಂದು ಬಡಕಲು ಎತ್ತು ಹೂಡಿದರೆ ನೇಗಿಲು ನಡೆಯುವುದು ಬಡಕಲಿನ ನಡೆಗೆ. 4 ಟೆರಾಬೈಟ್ ಡಿಸ್ಕಿಗೆ 2 ಟೆರಾಬೈಟಿನದನ್ನು ಜೋಡಿಸಿದರೆ ಲೆಕ್ಕಕ್ಕೆ ಬರುವುದು ಎರಡೇ. ಹಾಗೆಂದು ಒಂದೇ ಕಾರ್ಖಾನೆಯಿಂದ ಒಂದೇ ದಿನ ಬಂದ ಎರಡು ಡಿಸ್ಕುಗಳನ್ನು ಜೋಡಿ ಮಾಡುವುದೂ ಜಾಣತನವಲ್ಲ. ಒಂದೇ ದೋಷ ಎರಡರಲ್ಲೂ ಇರಬಹುದು. ಒಂದೇ ಸಮ ದುಡಿದ ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಸವೆಯುತ್ತವೆ. ಅಳತೆ ಸಮವಾಗಿರಬೇಕು, ಹುಟ್ಟು ಬೇರೆ ಬೇರೆಯಾಗಿರಬೇಕು ಎಂಬುದು ಅನುಭವಸ್ಥರ ಮಾತು.

ಹೊಸ ತಾಳು ಸೇರಿಸಿದಾಗ

ಯಾವ ಕಚೇರಿಯ ದಾಖಲೆಯೂ ಇದ್ದಷ್ಟೇ ಇರುವುದಿಲ್ಲ. ನಾಲ್ಕು ಡಿಸ್ಕ್ ತುಂಬಿದ ದಿನ ಕೂಟವನ್ನು ಬೆಳೆಸಬೇಕಾಗುತ್ತದೆ. ಅದಕ್ಕೆ ಮೂರು ದಾರಿಗಳಿವೆ.

ಮೊದಲನೆಯದು ಹೊಸ ಜೋಡಿಯನ್ನು ಪಕ್ಕಕ್ಕೆ ಸೇರಿಸುವುದು. ಮೂರು ತಾಳಿನ ಕೂರಿಗೆಗೆ ನಾಲ್ಕನೆಯ ತಾಳು ಸೇರಿಸಿದಂತೆ ಇದು. ಮುಂದಿನ ಬಿತ್ತನೆ ನಾಲ್ಕು ಸಾಲಿನಲ್ಲಿ ನಡೆಯುತ್ತದೆ. ಹಿಂದೆ ಬಿತ್ತಿದ ಸಾಲುಗಳು ಇದ್ದಲ್ಲೇ ಇರುತ್ತವೆ. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆ 2005ರಲ್ಲಿ ಹೊರತಂದ ಝಡ್‌ಎಫ್‌ಎಸ್ ಎಂಬ ವ್ಯವಸ್ಥೆ ನಡೆಯುವುದು ಹೀಗೆ. ಹಳೆಯದನ್ನು ಕದಲಿಸದಿರುವುದರಿಂದ ಅಪಾಯ ಕಡಿಮೆ. ಆದರೆ ಹಳೆಯ ಜೋಡಿಗಳು ತುಂಬಿ ತುಳುಕುತ್ತಿರುವಾಗ ಹೊಸದು ಅರ್ಧ ಖಾಲಿಯಿದ್ದು ಭಾರ ಸಮನಾಗುವುದಿಲ್ಲ.

ಎರಡನೆಯದು ಎಲ್ಲವನ್ನೂ ಮತ್ತೆ ಹಂಚುವುದು. ಹಳೆಯ ತುಣುಕುಗಳನ್ನೂ ಎತ್ತಿ ಹೊಸ ಡಿಸ್ಕುಗಳನ್ನು ಸೇರಿಸಿಕೊಂಡು ಹೊಸದಾಗಿ ಸರದಿ ಹಾಕುವುದು. ಲಿನಕ್ಸ್ ವ್ಯವಸ್ಥೆಯಲ್ಲಿ ರೇಡ್ ಹತ್ತರ ಕೂಟಕ್ಕೆ ಈ ಸೌಲಭ್ಯ ಬಂದದ್ದು 2012ರಲ್ಲಿ. ಕೆಲಸ ನಡೆಯುವಷ್ಟೂ ಹೊತ್ತು ದತ್ತಾಂಶದ ಒಂದು ಭಾಗ ಹಳೆಯ ಕ್ರಮದಲ್ಲೂ ಇನ್ನೊಂದು ಭಾಗ ಹೊಸ ಕ್ರಮದಲ್ಲೂ ಇರುತ್ತದೆ. ಹಬ್ಬಕ್ಕೆ ಮುಂಚೆ ಮನೆಯ ಸಾಮಾನೆಲ್ಲ ಅಂಗಳಕ್ಕೆ ತಂದಿಟ್ಟ ಸ್ಥಿತಿ ಅದು. ಆಗಲೇ ಕರೆಂಟು ಹೋದರೆ ಗಲಿಬಿಲಿ. ಎಲ್ಲಿಯವರೆಗೆ ಬಂದೆ ಎಂದು ಯಂತ್ರ ಗುರುತು ಬರೆದುಕೊಳ್ಳುತ್ತದೆ ನಿಜ. ಆದರೂ ಬ್ಯಾಟರಿಯ ಆಸರೆಯಿಲ್ಲದೆ, ಬೇರೆಡೆ ಒಂದು ಪ್ರತಿ ಇಡದೆ ಈ ಕೆಲಸಕ್ಕೆ ಕೈಹಾಕಬಾರದು.

ಮೂರನೆಯದು ಡಿಸ್ಕುಗಳ ಸಂಖ್ಯೆ ಅಷ್ಟೇ ಇಟ್ಟು ಅಳತೆ ಹೆಚ್ಚಿಸುವುದು. ಜೋಡಿಯಲ್ಲಿ ಒಂದನ್ನು ತೆಗೆದು ದೊಡ್ಡದನ್ನು ಹಾಕಿ, ಜೊತೆಗಾರನಿಂದ ಅದಕ್ಕೆ ನಕಲಾಗುವವರೆಗೆ ಕಾದು, ಆಮೇಲೆ ಇನ್ನೊಂದನ್ನು ಬದಲಿಸುವುದು. ಸವೆದ ಗರಿಯಿಂದ ಹೊಸ ಗರಿಗೆ ಇಳಿಸುತ್ತಿದ್ದ ಪಂಡಿತರ ಕ್ರಮಕ್ಕೆ ತೀರ ಹತ್ತಿರವಾದದ್ದು ಇದು. ಸೆಕೆಂಡಿಗೆ 150 ಮೆಗಾಬೈಟ್ ವೇಗದಲ್ಲಿ 4 ಟೆರಾಬೈಟ್ ನಕಲಾಗಲು ಸುಮಾರು ಏಳೂವರೆ ಗಂಟೆ ಬೇಕು. ಆ ಏಳೂವರೆ ಗಂಟೆ ಆ ಜೋಡಿಯ ದತ್ತಾಂಶಕ್ಕೆ ಇರುವುದು ಒಂದೇ ಪ್ರತಿ. ಅದೂ ಮೊದಲ ಅಂಚಿನಿಂದ ಕೊನೆಯ ಅಂಚಿನವರೆಗೆ ಎಡೆಬಿಡದೆ ಓದುತ್ತಿರುವ ಹಳೆಯ ಡಿಸ್ಕ್. ಎಷ್ಟೋ ಕೂಟಗಳು ಮುರಿದುಬೀಳುವುದು ಇಂಥ ಗಂಟೆಗಳಲ್ಲಿಯೇ. ಹಳೆಯದನ್ನು ತೆಗೆಯದೆ, ಹೊಸದನ್ನು ಮೂರನೆಯದಾಗಿ ಸೇರಿಸಿ, ನಕಲು ಮುಗಿದ ಮೇಲೆ ಹಳೆಯದನ್ನು ಬಿಡಿಸುವುದು ಸುರಕ್ಷಿತ ವಿಧಾನ.

ಉತಾರದ ಪ್ರಶ್ನೆ

ಇದೆಲ್ಲ ಎಂಜಿನಿಯರುಗಳ ಮಾತು, ಊರಿನವರಿಗೇನು ಎಂದು ಕೇಳುವವರು ಉತಾರವನ್ನು ನೆನೆಯಬೇಕು. ಹಳೆಯ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಗದಗ ಸೀಮೆಯಲ್ಲಿ ಪಹಣಿಗೆ ಜನ ಹೇಳುವುದು ಉತಾರ ಎಂದೇ. ಹೊಲ ಯಾರದು, ಎಷ್ಟು ಎಕರೆ ಎಷ್ಟು ಗುಂಟೆ, ಏನು ಬೆಳೆ, ಸಾಲ ಎಷ್ಟು ಎಂಬುದೆಲ್ಲ ಆ ಕಾಗದದಲ್ಲಿ. ಮೊದಲು ಕುಲಕರ್ಣಿಯ, ಆಮೇಲೆ ತಲಾಟಿಯ ಕೈಬರಹದ ಪುಸ್ತಕವೇ ಪ್ರಮಾಣ. ಕರ್ನಾಟಕದಲ್ಲಿ ಇಂಥ ಪುಸ್ತಕಗಳನ್ನು ಸುಮಾರು 9,000 ಗ್ರಾಮ ಲೆಕ್ಕಿಗರು ನೋಡಿಕೊಳ್ಳುತ್ತಿದ್ದರು. ರೈತನ ಪಾಲಿಗೆ ಅದು ಒಂದೇ ಪ್ರತಿ, ಅದೂ ಇನ್ನೊಬ್ಬರ ಕೈಯಲ್ಲಿ. ಪುಟ ಹರಿದರೆ, ಅಂಕೆ ತಿದ್ದಿದರೆ, ಪುಸ್ತಕ ಸಿಗದಿದ್ದರೆ ರೈತ ಅಲೆಯಬೇಕಿತ್ತು.

'ಭೂಮಿ' ಯೋಜನೆ ಈ ಪುಸ್ತಕಗಳನ್ನು ಗಣಕಕ್ಕೆ ಏರಿಸಿತು. 2002ರ ಹೊತ್ತಿಗೆ ರಾಜ್ಯದ 177 ತಾಲೂಕುಗಳಲ್ಲಿ 67 ಲಕ್ಷ ಭೂಮಾಲೀಕರ ಸುಮಾರು ಎರಡು ಕೋಟಿ ದಾಖಲೆಗಳು ಡಿಸ್ಕಿಗೆ ಬಂದಿದ್ದವು. ಕೈಬರಹದ ಉತಾರಕ್ಕೆ ಮಾನ್ಯತೆ ಹೋಯಿತು. ಕಳಸಾಪುರದ ರೈತ ಗದಗದ ತಹಸೀಲ್ದಾರ ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟು ಅಚ್ಚಿನ ಪ್ರತಿ ಪಡೆಯುವಂತಾಯಿತು. ಮೊದಲ ವರ್ಷಗಳಲ್ಲಿ ಆಯಾ ತಾಲೂಕಿನ ದತ್ತಾಂಶ ಆಯಾ ಕಚೇರಿಯ ಯಂತ್ರದಲ್ಲಿತ್ತು. ಮುಂದೆ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಸೇರಿತು.

ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಕಟ್ಟಿದ ಸಹಕಾರ ಸಂಘ ದೇಶದ ಕೃಷಿ ಪತ್ತಿನ ಸಂಘಗಳಿಗೆ ಮೊದಲ ಮಾದರಿ. ಅಂಥ ಸಂಘಗಳ ಲೆಕ್ಕದ ಪುಸ್ತಕಗಳೂ ಈಗ ಗಣಕಕ್ಕೆ ಏರುತ್ತಿವೆ. 63,000 ಪ್ರಾಥಮಿಕ ಪತ್ತಿನ ಸಂಘಗಳನ್ನು ಗಣಕೀಕರಿಸುವ ಯೋಜನೆಗೆ ಕೇಂದ್ರ ಸರ್ಕಾರ 2022ರಲ್ಲಿ ಒಪ್ಪಿಗೆ ಕೊಟ್ಟಿತು. ಹೊಲ, ಸಾಲ, ಬೆಳೆವಿಮೆ ಎಲ್ಲವೂ ತಿರುಗುವ ತಟ್ಟೆಗಳ ಮೇಲೆ ಕೂತಿರುವಾಗ, ಆ ತಟ್ಟೆಗೆ ಜೋಡಿ ಇದೆಯೇ, ಇದ್ದರೆ ಎಲ್ಲಿದೆ ಎಂಬುದು ರೈತನ ಪ್ರಶ್ನೆಯೂ ಹೌದು.

ತಪ್ಪಿಗೂ ಕನ್ನಡಿ

ಕನ್ನಡಿ ಡಿಸ್ಕಿನ ಬಗ್ಗೆ ಬಹುಜನರಿಗಿರುವ ಭ್ರಮೆಯೊಂದಿದೆ. ಜೋಡಿ ಇದ್ದ ಮೇಲೆ ಏನೂ ಹೋಗದು ಎಂದು ತಿಳಿಯುತ್ತಾರೆ. ಕನ್ನಡಿ ಕಾಯುವುದು ಯಂತ್ರದ ಸಾವಿನಿಂದ ಮಾತ್ರ. ಗುಮಾಸ್ತ ಕಣ್ತಪ್ಪಿ ಒಂದು ಕಡತ ಅಳಿಸಿದರೆ ಅದೇ ಕ್ಷಣ ಜೋಡಿಯಲ್ಲೂ ಅಳಿಯುತ್ತದೆ. ಸುಳ್ಳು ಅಂಕೆ ಬರೆದರೆ ಎರಡು ಕಡೆಯೂ ಸುಳ್ಳು. ಕನ್ನಡಿಗೆ ತನ್ನದೆಂಬ ನೆನಪಿಲ್ಲ. ಎದುರಿಗೆ ಇದ್ದದ್ದನ್ನು ತೋರಿಸುವುದಷ್ಟೇ ಅದರ ಕೆಲಸ.

2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಹೆಸರಾಂತ ಗಣಕ ಸಂಸ್ಥೆಯಲ್ಲಿ, ದುರಸ್ತಿಗೆ ಕೂತ ನೌಕರನೊಬ್ಬ ತಪ್ಪಾದ ಯಂತ್ರದಲ್ಲಿ ಅಳಿಸುವ ಆಜ್ಞೆ ಕೊಟ್ಟುಬಿಟ್ಟ. ಕ್ಷಣಾರ್ಧದಲ್ಲಿ ಸುಮಾರು 300 ಗಿಗಾಬೈಟ್ ಮಾಯ. ಸಂಸ್ಥೆಯನ್ನು ಕೊನೆಗೆ ಕಾಪಾಡಿದ್ದು ಆರು ಗಂಟೆಗಳ ಹಿಂದೆ ತೆಗೆದಿಟ್ಟಿದ್ದ ಒಂದು ಹಳೆಯ ಪ್ರತಿ. ಅದು ಹಳೆಯದಾಗಿದ್ದುದರಿಂದಲೇ ಉಳಿಯಿತು. ಆ ಆರು ಗಂಟೆಗಳಲ್ಲಿ ಬರೆದದ್ದು ಮಾತ್ರ ಹೋಯಿತು.

ಗ್ರಂಥ ಸಂಪಾದಕರಿಗೆ ಈ ಸಂಗತಿ ಹೊಸದಲ್ಲ. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸ ರಚಿಸಿದನೆಂದು ಜನ ನಂಬುವ ಭಾರತ ನಾಡಿನ ಉದ್ದಗಲಕ್ಕೂ ನಕಲಾಯಿತು. ನಕಲುಗಾರ ಒಂದು ಅಕ್ಷರ ತಪ್ಪಿದರೆ ಅವನ ಪ್ರತಿಯನ್ನು ನೋಡಿ ಬರೆದವರೆಲ್ಲರಿಗೂ ಆ ತಪ್ಪು ಬಳುವಳಿಯಾಗಿ ಬಂತು. ಪಾಠಾಂತರಗಳು ಹುಟ್ಟಿದ್ದು ಹಾಗೆ. ಎರಡೇ ಪ್ರತಿಗಳಿದ್ದು ಎರಡೂ ಬೇರೆ ಬೇರೆ ಹೇಳಿದರೆ ಯಾವುದು ಸರಿ ಎಂದು ತೀರ್ಮಾನಿಸುವುದು ಕಷ್ಟ. ಬೇರೆ ಬೇರೆ ಊರುಗಳಿಂದ, ಬೇರೆ ಬೇರೆ ಕಾಲದ ಹತ್ತಾರು ಪ್ರತಿಗಳು ಸಿಕ್ಕಾಗ ಸಂಪಾದಕ ಹೋಲಿಸಿ ಶುದ್ಧಪಾಠವನ್ನು ಊಹಿಸಬಲ್ಲ. ಜೋಡಿ ಡಿಸ್ಕುಗಳಲ್ಲೂ ಇದೇ ಇಕ್ಕಟ್ಟು ಬರುತ್ತದೆ. ಬರೆಯುವ ನಡುವೆ ಕರೆಂಟು ಹೋಗಿ ಒಂದರಲ್ಲಿ ಹೊಸದು, ಇನ್ನೊಂದರಲ್ಲಿ ಹಳೆಯದು ಉಳಿದರೆ ಬರಿಯ ಕನ್ನಡಿ ಯಾವುದು ನಿಜವೆಂದು ಹೇಳಲಾರದು. ಝಡ್‌ಎಫ್‌ಎಸ್‌ನಂಥ ವ್ಯವಸ್ಥೆಗಳು ಪ್ರತಿ ತುಣುಕಿನ ಮೊತ್ತವನ್ನು ಬೇರೆಡೆ ಬರೆದಿಟ್ಟುಕೊಂಡು, ಓದುವಾಗ ತಾಳೆ ನೋಡಿ, ತಪ್ಪಿದ್ದನ್ನು ಸರಿಯಾದ ಪ್ರತಿಯಿಂದ ತಿದ್ದುತ್ತವೆ.

ಒಂದೇ ಮನೆಯ ಸಾವಿರ ಪ್ರತಿ

ಕನ್ನಡಿಯ ಇನ್ನೊಂದು ಮಿತಿ ಸ್ಥಳದ್ದು. ಜೋಡಿ ಡಿಸ್ಕುಗಳು ಇರುವುದು ಒಂದೇ ಪೆಟ್ಟಿಗೆಯಲ್ಲಿ, ಒಂದೇ ಕೋಣೆಯಲ್ಲಿ. ಸಿಡಿಲು, ನೆರೆ, ಬೆಂಕಿಗೆ ಅವು ಒಂದೇ ಲೆಕ್ಕ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ ಬ್ಯಾಟರಿಗಳಿಂದ ಬೆಂಕಿ ಹೊತ್ತಿತು. ಸರ್ಕಾರಿ ನೌಕರರು ತಮ್ಮ ಕೆಲಸದ ಕಡತಗಳನ್ನಿಡುತ್ತಿದ್ದ 'ಜಿ-ಡ್ರೈವ್' ಎಂಬ ಭಂಡಾರ ಪೂರ್ತಿ ಸುಟ್ಟಿತು. ಹೋದದ್ದು 858 ಟೆರಾಬೈಟ್. ಭಂಡಾರ ತೀರ ದೊಡ್ಡದಾಯಿತೆಂಬ ಕಾರಣಕ್ಕೆ ಹೊರಗೆ ಬೇರೆ ಪ್ರತಿ ಇಟ್ಟಿರಲಿಲ್ಲ. ತಂತ್ರಜ್ಞಾನದಲ್ಲಿ ಜಗತ್ತಿಗೆ ಮುಂದಿರುವ ದೇಶದಲ್ಲಿ ನಡೆದ ಸಂಗತಿ ಇದು.

ಮೂರು ಪ್ರತಿ ಇರಲಿ, ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಪ್ರತಿಯಾದರೂ ಬೇರೆ ಊರಿನಲ್ಲಿರಲಿ ಎಂಬುದು ಈಗ ಗಣಕದವರಲ್ಲಿ ಬಳಕೆಯಲ್ಲಿರುವ ಸೂತ್ರ. ಕನ್ನಡಿ ಮತ್ತು ಪಟ್ಟೆಯ ಕೂಟ ದಿನದ ಕೆಲಸ ನಿಲ್ಲದಂತೆ ನೋಡಿಕೊಳ್ಳುತ್ತದೆ. ಕೆಲಸವೇ ಕೆಟ್ಟ ದಿನ ಆಸರೆಯಾಗುವುದು ದೂರದ ಹಳೆಯ ಪ್ರತಿ. ಎರಡೂ ಬೇಕು. ಒಂದು ಇದೆಯೆಂದು ಇನ್ನೊಂದನ್ನು ಬಿಡುವಂತಿಲ್ಲ. ದೂರದ ಪ್ರತಿಯನ್ನು ಆಗಾಗ ಬಿಚ್ಚಿ ಓದಿ ನೋಡಲೂ ಬೇಕು. ಗಿಟ್‌ಲ್ಯಾಬ್‌ನಲ್ಲಿ ನಂಬಿದ್ದ ಹಲವು ಏರ್ಪಾಟುಗಳು ಕೆಲಸ ಮಾಡುತ್ತಿಲ್ಲವೆಂದು ತಿಳಿದದ್ದು ಅಪಘಾತದ ರಾತ್ರಿ.

ಭಾರತದ ಹಸ್ತಪ್ರತಿಗಳನ್ನು ಗುರುತಿಸಿ ಉಳಿಸಲು 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಯೋಜನೆ ಆರಂಭವಾಯಿತು. ಅಂದಿನಿಂದ ಓಲೆಗರಿಗಳ ಚಿತ್ರಗಳು ಡಿಸ್ಕುಗಳಿಗೆ ಇಳಿಯುತ್ತಿವೆ. ಇಲ್ಲೊಂದು ವಿಪರ್ಯಾಸವಿದೆ. ಐನೂರು ವರ್ಷ ಬಾಳಿದ ಗರಿಯನ್ನು ಐದಾರು ವರ್ಷ ಬಾಳುವ ಡಿಸ್ಕಿಗೆ ಒಪ್ಪಿಸಿ, ಇನ್ನು ಸುರಕ್ಷಿತ ಎಂದು ನಿಟ್ಟುಸಿರು ಬಿಡುವುದು ಸುಲಭ. ಡಿಸ್ಕಿನ ಪ್ರತಿ ಉಳಿಯುವುದು ಅದನ್ನು ಹೊಸ ಡಿಸ್ಕಿಗೆ ಇಳಿಸುವ ಕೈಗಳು ಇರುವವರೆಗೆ ಮಾತ್ರ. ಮಠದ ಲಿಪಿಕಾರ ಶತಮಾನಕ್ಕೊಮ್ಮೆ ಮಾಡುತ್ತಿದ್ದ ಕೆಲಸವನ್ನು ಇಂದಿನ ತಂತ್ರಜ್ಞ ಐದಾರು ವರ್ಷಕ್ಕೊಮ್ಮೆ ಮಾಡಬೇಕು. ಅದಕ್ಕೆ ಪ್ರತಿ ವರ್ಷ ಹಣವೂ ಬೇಕು, ಒಬ್ಬರು ಹೋದ ಮೇಲೆ ಮತ್ತೊಬ್ಬರು ಬಂದು ಕೂರುವ ಕುರ್ಚಿಯೂ ಬೇಕು.

ಅತ್ತಿಮಬ್ಬೆ ಸಾವಿರ ಪ್ರತಿಗಳನ್ನು ಬರೆಸಿ ಲಕ್ಕುಂಡಿಯ ಬಸದಿಯ ನೆಲಮಾಳಿಗೆಯಲ್ಲಿ ಪೇರಿಸಿಟ್ಟಿದ್ದರೆ ಅದೊಂದು ದೊಡ್ಡ ಕನ್ನಡಿ ಕೂಟವಾಗುತ್ತಿತ್ತು, ಅಷ್ಟೇ. ಒಂದು ದಂಡಯಾತ್ರೆ, ಒಂದು ಕಿಡಿ ಸಾಕಾಗುತ್ತಿತ್ತು. ಅವಳು ಬರೆಸಿದಳು, ಆಮೇಲೆ ಕೊಟ್ಟಳು. ಕೊಟ್ಟ ಮೇಲೆ ಪ್ರತಿಗಳು ಅವಳವಾಗಿ ಉಳಿಯಲಿಲ್ಲ. ಪಡೆದವರು ಬೇರೆ, ಅವರ ಊರು ಬೇರೆ, ಅವರು ಮುಂದೆ ನಕಲು ಮಾಡಿಸಿದ ಕಾಲವೂ ಬೇರೆ. ಪೊನ್ನನಿಗೆ ಬಿರುದು ಕೊಟ್ಟ ರಾಷ್ಟ್ರಕೂಟರ ಅರಮನೆ ಅಳಿಯಿತು. ಲಕ್ಕುಂಡಿಯ ಟಂಕಸಾಲೆಯ ಸದ್ದು ಅಡಗಿತು. ಗದಗಕ್ಕೆ ಬಂದವರು ಇಂದಿಗೂ ಬ್ರಹ್ಮ ಜಿನಾಲಯವನ್ನು ನೋಡಿ ಹೋಗುತ್ತಾರೆ. ಅಲ್ಲಿ ಶಾಂತಿಪುರಾಣದ ಒಂದು ಗರಿಯೂ ಇಲ್ಲ. ಕಾವ್ಯ ಮಾತ್ರ ಗ್ರಂಥಾಲಯದ ಕಪಾಟಿನಲ್ಲಿ ಇದೆ, ಕೇಳಿದವರಿಗೆ ಸಿಗುತ್ತದೆ.